24 ಅಡಿಯ ಹಳೇ ಮಾಸ್ಟ್‌ಹೆಡ್ ಬೋಟು: ರೇಸಿಗೆ ಯಾವ ಎರಡು ಹೆಡ್‌ಸೇಲ್ (ಮುಂದಿನ ಹಾಯಿ) ಹೊಲಿಸುವುದು?

ಗುರುಪುರ_ಹಾಯಿ:
ಬೋಟು 24 ಅಡಿ, 1970ರ ದಶಕದ ಕೊನೆಯ ವಿನ್ಯಾಸ. ಮಾಸ್ಟ್‌ಹೆಡ್ ರಿಗ್ (ಮುಂದಿನ ಹಾಯಿ ಮಾಸ್ಟ್‌ನ ತುದಿಯವರೆಗೆ ಏರುತ್ತದೆ), ಫಿನ್ ಕೀಲ್, ತೂಕ ಸುಮಾರು ಒಂದೂವರೆ ಟನ್. ಅಳತೆ: ಐ (ಡೆಕ್‌ನಿಂದ ಮುಂದಿನ ತಂತಿಯ ತುದಿಗೆ ಎತ್ತರ) 9.0 ಮೀಟರ್, ಜೆ (ಆ ತಂತಿಯ ಬುಡದಿಂದ ಮಾಸ್ಟ್‌ಗೆ ದೂರ) 2.9, ಪಿ (ಮಾಸ್ಟ್ ಹಿಂದಿನ ಮೇನ್ ಹಾಯಿಯ ಎತ್ತರ) 7.8, ಇ (ಅದರ ಬುಡದ ಉದ್ದ) 2.6. ಫರ್ಲರ್ (ಹಾಯಿ ಸುತ್ತುವ ಸಾಧನ) ಮೇಲೆ 150% ಜೆನೊವಾ (ಮಾಸ್ಟ್ ದಾಟಿ ಹಿಂದೆ ಬರುವ ದೊಡ್ಡ ಮುಂದಿನ ಹಾಯಿ, ಶೇಕಡಾ ಜೆಯ ಲೆಕ್ಕದಲ್ಲಿ) ಉಂಟು, ಬಟ್ಟೆ ಹಿಗ್ಗಿ ಹೊಟ್ಟೆ ಪೂರ್ತಿ ಹಿಂದಕ್ಕೆ ಹೋಗಿದೆ. ಇನ್ನೊಂದು ಹ್ಯಾಂಕ್ (ತಂತಿಗೆ ಸಿಕ್ಕಿಸುವ ಕೊಕ್ಕೆ) ಇರುವ ಹಳೇ ಜಿಬ್ (ಚಿಕ್ಕ ಮುಂದಿನ ಹಾಯಿ), ಅಂದಾಜು 120%.

ರೇಸ್ ಅಂದರೆ ನಾಲ್ಕೈದು ಬೋಟಿನವರು ಸೇರಿ ನವೆಂಬರ್‌ನಿಂದ ಮೇ ಮಧ್ಯದವರೆಗೆ ಆಡುವುದು. ಅರ್ಧ ಪಣಂಬೂರು–ತಣ್ಣೀರುಬಾವಿ ಹೊರಗಿನ ಕಡಲಲ್ಲಿ, ಅರ್ಧ ಹೊಳೆಯ ಒಳಗೆ. ಹ್ಯಾಂಡಿಕ್ಯಾಪ್ ಪಿಎಚ್‌ಆರ್‌ಎಫ್ ರೀತಿಯದು, ಅಂದರೆ ಬೋಟಿಗೊಂದು ರೇಟಿಂಗ್, ಮೈಲಿಗೆ ಇಷ್ಟು ಸೆಕೆಂಡು ಅಂತ. ಬೋಟಿನಲ್ಲಿ ನಾಲ್ಕು ಜನ. ಹೊಸದಾಗಿ ಎರಡೇ ಹಾಯಿ ಹೊಲಿಸುವಷ್ಟು ದುಡ್ಡು. 150 ಮತ್ತು 105? 135 ಮತ್ತು 100? ಅಥವಾ 135 ಒಂದನ್ನೇ ಒಳ್ಳೇ ಬಟ್ಟೆಯಲ್ಲಿ ಮಾಡಿಸಿ, ಗಾಳಿ ಹೆಚ್ಚಾದಾಗ ಸುತ್ತಿಕೊಳ್ಳುವುದಾ?

ಜಿಬ್‌ಶೀಟ್:
ಫರ್ಲರ್ ಫಾಯಿಲ್ (ಗ್ರೂವ್ ಇರುವ ಕೊಳವೆ) ಇರುವ ಫೋರ್‌ಸ್ಟೇಗೆ (ಮಾಸ್ಟ್‌ನ ಮುಂದಿನ ತಂತಿ) ಹ್ಯಾಂಕ್ ಜಿಬ್ ಎಲ್ಲಿ ಸಿಕ್ಕಿಸ್ತೀರಿ ಮಾರಾಯ್ರೆ? ಆ 120ನ್ನು ಲೆಕ್ಕದಿಂದ ತೆಗೀರಿ. ಬೇಕಿದ್ದರೆ ಹ್ಯಾಂಕ್ ಬಿಚ್ಚಿ ಲಫ್ (ಹಾಯಿಯ ಮುಂದಿನ ಅಂಚು) ಟೇಪ್ ಹೊಲಿಸಬೇಕು, ಹಳೇ ಬಟ್ಟೆಗೆ ಆ ಖರ್ಚು ದಂಡ.

ಮಲ್ಪೆ_ಪಡುಗಾಳಿ:
150 ಮತ್ತು 105. ಎರಡು ಮಾತಿಲ್ಲ. ಕಾರಣ ನಿಮ್ಮ ಅಳತೆಯಲ್ಲೇ ಉಂಟು.

ಆ ಕಾಲದ ಬೋಟುಗಳು ಐಒಆರ್ ಎಂಬ ಅಂದಿನ ರೇಸ್ ಅಳತೆಯ ನಿಯಮ ನೋಡಿಕೊಂಡು ಹುಟ್ಟಿದವು. ಆ ನಿಯಮದಲ್ಲಿ ಜೆಯ ಒಂದೂವರೆ ಪಟ್ಟಿನವರೆಗೆ ಜೆನೊವಾ ಹಿಂದಕ್ಕೆ ಚಾಚಿದರೆ ದಂಡ ಇರಲಿಲ್ಲ. ಹಾಗಾಗಿ ಮುಂದಿನ ತ್ರಿಕೋನ ದೊಡ್ಡದು, ಮೇನ್ ಚಿಕ್ಕದು. ನಿಮ್ಮ ಮೇನ್ 7.8 × 2.6 ÷ 2, ಅಂದರೆ ಸುಮಾರು 10 ಚದರ ಮೀಟರ್ ಅಷ್ಟೇ. 150% ಜೆನೊವಾದ ಎಲ್‌ಪಿ (ಹಾಯಿಯ ಹಿಂದಿನ ಮೂಲೆಯಿಂದ ಲಫ್‌ಗೆ ಲಂಬ ದೂರ) 4.35 ಮೀಟರ್. ಲಫ್ 9 ಮೀಟರ್ ಹಿಡಿದರೆ 19.6 ಚದರ ಮೀಟರ್. ಬೋಟನ್ನು ಎಳೆಯುವ ಹಾಯಿಯಲ್ಲಿ ಮೂರರಲ್ಲಿ ಎರಡು ಪಾಲು ಮುಂದೆಯೇ ಉಂಟು. 105% ಹಾಕಿದರೆ ಅದು ಸುಮಾರು 13.7ಕ್ಕೆ ಇಳಿಯುತ್ತದೆ. ಡಿಸೆಂಬರ್–ಜನವರಿಯ 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ಗಾಳಿಯಲ್ಲಿ ಒಟ್ಟು ಹಾಯಿಯ ಐದನೇ ಒಂದು ಪಾಲು ಬಿಟ್ಟುಕೊಟ್ಟು ಒಂದೂವರೆ ಟನ್ ಎಳೆಯಲಿಕ್ಕೆ ಆಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳ ಗಾಳಿ ಯಾವುದು? ಬೆಳಿಗ್ಗೆ ಮೂಡಣದಿಂದ ನೆಲಗಾಳಿ, ಹನ್ನೊಂದು–ಹನ್ನೆರಡಕ್ಕೆ ಸತ್ತುಹೋಗುತ್ತದೆ. ಆಮೇಲೆ ವಾಯವ್ಯದಿಂದ ಕಡಲಗಾಳಿ, ಮೂರು–ನಾಲ್ಕು ಗಂಟೆಗೆ ಜೋರು. ಹೆಚ್ಚಿನ ದಿನ 8ರಿಂದ 12 ನಾಟ್. ಏಪ್ರಿಲ್–ಮೇಯಲ್ಲಿ ಅದರ ಮೇಲೆ. ಇದು 150ರ ಗಾಳಿ.

ಬೆಂಗ್ರೆ_ಅಳಿವೆ:
ಮಲ್ಪೆಯವರ ಲೆಕ್ಕ ಕಡಲಿಗೆ ಸರಿ. ಹೊಳೆಯ ಒಳಗೆ ಸುಲ್ತಾನ್ ಬತ್ತೇರಿ ಎದುರು ಟ್ಯಾಕ್ ಮೇಲೆ ಟ್ಯಾಕ್ ಹೊಡೆಯುವಾಗ (ಗಾಳಿಯ ಎದುರು ಬದಿ ಬದಲಿಸಿ ತಿರುಗುವಾಗ) 150ನ್ನು ಮಾಸ್ಟ್, ಶ್ರೌಡ್ (ಬದಿಯ ತಂತಿ) ಎಲ್ಲ ದಾಟಿಸಿ ವಿಂಚ್‌ಗೆ (ಹಗ್ಗ ಎಳೆಯುವ ಉರುಳೆ) ಎಳೆಯುವವರು ಯಾರು? ನಾಲ್ಕು ಜನರಲ್ಲಿ ಒಬ್ಬರು ಟಿಲ್ಲರ್ (ಚುಕ್ಕಾಣಿಯ ಹಿಡಿ), ಒಬ್ಬರು ಮೇನ್, ಉಳಿದವರು ಇಬ್ಬರು. ಶೀಟ್ (ಹಾಯಿ ಎಳೆಯುವ ಹಗ್ಗ) ಪೂರ್ತಿ ಒಳಗೆ ಬರುವಷ್ಟರಲ್ಲಿ ಮುಂದಿನ ದಡ ಬಂದಿರುತ್ತದೆ.

ಒಂದು ಕೆಟ್ಟ ಟ್ಯಾಕ್‌ಗೆ ಎರಡು ಬೋಟುದ್ದ ಹೋಯಿತು ಅಂತ ಇಟ್ಟುಕೊಳ್ಳಿ. 5 ನಾಟ್‌ನಲ್ಲಿ ಅದು ಸುಮಾರು 6 ಸೆಕೆಂಡು. ಹೊಳೆಯ ರೇಸಿನಲ್ಲಿ ಹತ್ತು ಟ್ಯಾಕ್ ಆದರೆ ಒಂದು ನಿಮಿಷ. ಹ್ಯಾಂಡಿಕ್ಯಾಪ್‌ನಲ್ಲಿ ಆ ಒಂದು ನಿಮಿಷ ಯಾರು ಕೊಡುತ್ತಾರೆ? 135 ಮತ್ತು 100 ನನ್ನ ಮತ.

ಉದ್ಯಾವರ_ತೀರ:
150% ಅಂದರೆ ಫುಟ್ (ಹಾಯಿಯ ಕೆಳ ಅಂಚು) ಜೆಯ ಒಂದೂವರೆ ಪಟ್ಟು ಇರಬೇಕು, ಅಲ್ವಾ? ಹಾಗಾದರೆ ಹಳೇ ಹಾಯಿಯ ಫುಟ್ ಅಳೆದರೆ ಮುಗೀತಲ್ಲ.

ಸೂಜಿದಾರ:
ಅಲ್ಲ. ಫುಟ್ ಅಳೆಯಬೇಡಿ, ಎಲ್ಲರೂ ತಪ್ಪುವುದು ಇಲ್ಲೇ. ಎಲ್‌ಪಿ ಅಂದರೆ ಕ್ಲೂನಿಂದ (ಹಾಯಿಯ ಹಿಂದಿನ ಕೆಳಮೂಲೆ) ಲಫ್‌ಗೆ ಲಂಬವಾಗಿ ಇರುವ ದೂರ. ಹಾಯಿಯನ್ನು ಹಾಲ್‌ನಲ್ಲೋ ಅಂಗಳದಲ್ಲೋ ಹಾಸಿ, ಲಫ್ ಬಿಗಿಯಾಗಿ ಎಳೆದು, ಟೇಪ್‌ನ ತುದಿ ಕ್ಲೂ ರಿಂಗಿಗೆ ಹಿಡಿದು ಲಫ್ ಉದ್ದಕ್ಕೂ ಸರಿಸಿ. ಅತಿ ಕಡಿಮೆ ಬರುವ ಸಂಖ್ಯೆಯೇ ಎಲ್‌ಪಿ. ಅದನ್ನು ಜೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ. ಕ್ಲೂ ಎತ್ತರದಲ್ಲಿದ್ದರೆ ಅದೇ ಎಲ್‌ಪಿಗೆ ಫುಟ್ ಬೇರೆ ಬರುತ್ತದೆ.

ಜೆ ಅಳೆಯುವುದು ಫೋರ್‌ಸ್ಟೇಯ ಗೆರೆ ಡೆಕ್‌ಗೆ ಮುಟ್ಟುವ ಜಾಗದಿಂದ ಮಾಸ್ಟ್‌ನ ಮುಂದಿನ ಮುಖದವರೆಗೆ. ಸ್ಟೆಮ್ ಫಿಟ್ಟಿಂಗ್‌ನ ಮೂತಿಯಿಂದ ಹಿಡಿದರೆ 5–10 ಸೆಂ.ಮೀ. ತಪ್ಪುತ್ತದೆ. ಜೆ 2.9ರಲ್ಲಿ 10 ಸೆಂ.ಮೀ. ತಪ್ಪಿದರೆ ನಿಮ್ಮ 150% ನಿಜವಾಗಿ 155% ಆಗಿ, ರೇಟಿಂಗ್‌ನಲ್ಲಿ ತಕರಾರು ಏಳುತ್ತದೆ.

ಇನ್ನೊಂದು ಮಾತು. ಶೇಕಡಾ ಎಂದರೆ ವಿಸ್ತೀರ್ಣ ಅಲ್ಲ. ಲಫ್ ಒಂದು ಮೀಟರ್ ಗಿಡ್ಡ ಇರುವ 150%, ಪೂರ್ತಿ ಮೇಲೇರುವ 135%ಕ್ಕಿಂತ ಹೆಚ್ಚೇನೂ ದೊಡ್ಡದಿರುವುದಿಲ್ಲ. 4.35 × 8.0 ÷ 2 ಎಂದರೆ 17.4. 3.92 × 9.0 ÷ 2 ಎಂದರೆ 17.6. ಎರಡೂ ಒಂದೇ, ಆದರೆ ಎತ್ತರದ ಹಾಯಿ ಗಾಳಿಗೆ ಹೆಚ್ಚು ಎದುರಾಗಿ ಹೋಗುತ್ತದೆ.

ಮಲ್ಪೆ_ಪಡುಗಾಳಿ:
ಬೆಂಗ್ರೆಯವ್ರೆ, ರೇಟಿಂಗ್ ವಿಷಯ ಬಂತಲ್ಲ. ಪಿಎಚ್‌ಆರ್‌ಎಫ್‌ನಲ್ಲಿ ಹೆಚ್ಚಿನ ಕಡೆ ಮೂಲ ರೇಟಿಂಗ್ 150 ಅಥವಾ 155ರವರೆಗಿನ ಜೆನೊವಾ ಇದೆ ಎಂದೇ ಹಿಡಿದು ಕೊಡುವುದು. ಚಿಕ್ಕದು ಹಾಕಿದರೆ ಮೈಲಿಗೆ ಕೆಲವೇ ಸೆಕೆಂಡು ಸಿಗುತ್ತದೆ. ಮೈಲಿಗೆ 6 ಸೆಕೆಂಡು ಸಿಕ್ಕಿತು ಅಂದರೂ 6 ಮೈಲಿಗೆ 36 ಸೆಕೆಂಡು. ತೆಳು ಗಾಳಿಯಲ್ಲಿ 2 ಚದರ ಮೀಟರ್ ಕಳೆದುಕೊಂಡು ಆಗುವ ನಷ್ಟ ಅದರಿಂದ ತುಂಬುವುದಿಲ್ಲ.

ಬೆಂಗ್ರೆ_ಅಳಿವೆ:
ತೆಳು ಗಾಳಿಯಲ್ಲಿ ತುಂಬುವುದಿಲ್ಲ, ಒಪ್ಪಿದೆ. 10ರ ಮೇಲೆ? ಅಲ್ಲಿ 135 ಕೂಡ ಬೋಟನ್ನು ಹಲ್ ಸ್ಪೀಡ್ (ಬೋಟಿನ ಉದ್ದಕ್ಕೆ ತಕ್ಕ ಗರಿಷ್ಠ ವೇಗ) ಹತ್ತಿರಕ್ಕೆ ತರುತ್ತದೆ. ಸಿಕ್ಕಿದ ಸೆಕೆಂಡೆಲ್ಲ ಲಾಭವೇ.

ತಣ್ಣೀರುಬಾವಿ_ಗಾಳಿಮರ:
ಇಬ್ಬರೂ ಒಂದು ಸಂಗತಿ ಬಿಟ್ಟಿರಿ. ಹೊಳೆಯಲ್ಲಿ ವಾಯವ್ಯದ ಗಾಳಿ ತಣ್ಣೀರುಬಾವಿಯ ಗಾಳಿಮರಗಳ ಮೇಲಿಂದ ಹಾರಿ ಬರುವುದು. ಪಡು ದಡದ ಹತ್ತಿರ ನೀರಿನ ಮಟ್ಟದಲ್ಲಿ ಏನೂ ಇಲ್ಲ, ಮಾಸ್ಟ್ ತುದಿಯ ವಿಂಡೆಕ್ಸ್ (ಗಾಳಿಸೂಚಿ) ಮಾತ್ರ ಗಾಳಿ ತೋರಿಸುತ್ತದೆ. ಅಲ್ಲಿ ಹಿಂದಕ್ಕೆ ಚಾಚಿದ ಬಟ್ಟೆ ಕೆಳಗೆ ಸುಮ್ಮನೆ ನೇತಾಡುತ್ತದೆ. ಕೆಲಸ ಮಾಡುವುದು ಎತ್ತರ. ಆದ್ದರಿಂದ ಸಂಖ್ಯೆ ಯಾವುದೇ ಇರಲಿ, ಎರಡೂ ಹಾಯಿ ಪೂರ್ತಿ ಲಫ್ ಇರಬೇಕು. ಜೋರು ಗಾಳಿಯ ಜಿಬ್ ಎಂದು ಗಿಡ್ಡ ಹೊಲಿಸಿದರೆ ಹೊಳೆಯಲ್ಲಿ ಅದಕ್ಕೆ ಉಪಯೋಗವೇ ಇಲ್ಲ.

ಪಣಂಬೂರು_ಫ್ರಾಕ್ಷನಲ್:
ಜೆ/24 ಎಂಬ ರೇಸ್ ಬೋಟು ನೋಡಿ. 1977ರ ವಿನ್ಯಾಸ, ಫ್ರಾಕ್ಷನಲ್ ರಿಗ್ (ಫೋರ್‌ಸ್ಟೇ ಮಾಸ್ಟ್ ತುದಿಗಿಂತ ಕೆಳಗೆ), ಮೇನ್ ದೊಡ್ಡದು, ಆದರೂ 150ರ ಹತ್ತಿರದ ಒಂದು ಜೆನೊವಾ ಮತ್ತು ಒಂದು ಜಿಬ್. ಎರಡೇ. ಪ್ರಪಂಚದೆಲ್ಲೆಡೆ ಅದರಲ್ಲೇ ರೇಸ್ ನಡೆಯುತ್ತದೆ, ನಡುವಿನ 135 ಯಾರೂ ಕೇಳುವುದಿಲ್ಲ. 18–20 ನಾಟ್‌ವರೆಗೂ ಜೆನೊವಾದಲ್ಲೇ ಇರುತ್ತಾರೆ.

ಹಂಗಾರಕಟ್ಟೆ_ಕೂವೆ:
ಜೆ/24ನ್ನು ಇಲ್ಲಿಗೆ ತರಬೇಡಿ. ಅವರಿಗೆ ಐದು ಜನ, ಕ್ಲಾಸ್ ನಿಯಮದಲ್ಲಿ 400 ಕಿಲೋ ತನಕ ಅವಕಾಶ, ಎಲ್ಲರೂ ರೈಲ್ ಮೇಲೆ. ಅಷ್ಟು ತೂಕ ಕೂತರೆ ಜೆನೊವಾ ತಡೆಯುತ್ತದೆ. ಇಲ್ಲಿ ನಾಲ್ಕು ಜನ, 280 ಕಿಲೋ ಇರಬಹುದು. ಅಲ್ಲದೆ ಫ್ರಾಕ್ಷನಲ್‌ನಲ್ಲಿ ಬ್ಯಾಕ್‌ಸ್ಟೇ (ಮಾಸ್ಟ್‌ನ ಹಿಂದಿನ ತಂತಿ) ಎಳೆದರೆ ಮಾಸ್ಟ್ ಬಾಗಿ ಮೇನ್ ಚಪ್ಪಟೆಯಾಗುತ್ತದೆ, ಗಾಳಿ ಹೆಚ್ಚಾದಾಗ ಮೊದಲು ಮೇನ್‌ನಿಂದಲೇ ಶಕ್ತಿ ತೆಗೆಯಬಹುದು. ಮಾಸ್ಟ್‌ಹೆಡ್‌ನಲ್ಲಿ ಮೇನ್ ಇರುವುದೇ 10 ಚದರ ಮೀಟರ್, ಅದನ್ನು ರೀಫ್ ಮಾಡಿ (ಮಡಚಿ ಚಿಕ್ಕದಾಗಿಸಿ) ಸಿಗುವುದು ಅಷ್ಟಕ್ಕಷ್ಟೆ. ಇಲ್ಲಿ ಮೊದಲು ಬದಲಾಗಬೇಕಾದ್ದು ಮುಂದಿನ ಹಾಯಿ.

ಶೀಟ್ ಮೇಲಿನ ಭಾರ ಲೆಕ್ಕ ಹಾಕಿ ನೋಡಿ. ವಿಂಚ್ ಆರಿಸಲಿಕ್ಕೆ ಬಳಸುವ ಸರಳ ಸೂತ್ರ: ಚದರ ಮೀಟರ್ × ತೋರಿಕೆ ಗಾಳಿಯ ನಾಟ್‌ನ ವರ್ಗ × 0.021, ಉತ್ತರ ಕಿಲೋದಲ್ಲಿ. 12 ನಾಟ್ ನಿಜಗಾಳಿಯಲ್ಲಿ 5 ನಾಟ್ ವೇಗದಲ್ಲಿ ಗಾಳಿಗೆ ಎದುರಾಗಿ ಹೋಗುವಾಗ ಬೋಟಿನ ಮೇಲೆ ಬೀಸುವ ತೋರಿಕೆ ಗಾಳಿ 16. 19.6 × 256 × 0.021 ಎಂದರೆ 105 ಕಿಲೋ. 15 ನಾಟ್ ನಿಜಗಾಳಿಗೆ ತೋರಿಕೆ 19ರ ಮೇಲೆ. 20 ಹಿಡಿದರೆ ಅದೇ ಜೆನೊವಾದಲ್ಲಿ 165 ಕಿಲೋ. 105% ಹಾಯಿಯಲ್ಲಿ ಅದೇ 20ಕ್ಕೆ 115 ಕಿಲೋ. ಅಂದರೆ ನಿಮ್ಮ ಬದಲಾವಣೆಯ ಗಡಿ ತೋರಿಕೆ 16ರಿಂದ 18ರ ನಡುವೆ. ನಿಜಗಾಳಿಯಲ್ಲಿ 12–14. ಗಾಳಿ 10ರಿಂದ 14ಕ್ಕೆ ಏರಿದರೆ ಒತ್ತಡ ಎರಡರಷ್ಟು ಎಂಬುದನ್ನು ಮರೆಯಬೇಡಿ.

ಗುರುಪುರ_ಹಾಯಿ:
ಇದು ಬೇಕಿತ್ತು. ಹಾಗಾದರೆ ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಡಿಯ ಮೇಲೆಯೇ ಇರುತ್ತೇವೆ. ಆಗ ಅರ್ಧ ಸುತ್ತಿದ ಜೆನೊವಾ ನಡೀತದಾ?

ಸೂಜಿದಾರ:
ತೀರ ಸೇರಲಿಕ್ಕೆ ನಡೆಯುತ್ತದೆ, ರೇಸಿಗೆ ಇಲ್ಲ. ಸುತ್ತಿದಾಗ ಲಫ್‌ನಲ್ಲಿ ದಪ್ಪ ಸುರುಳಿ ಬರುತ್ತದೆ, ಗಾಳಿ ಮೊದಲು ಮುಟ್ಟುವ ಜಾಗವೇ ಕೆಡುತ್ತದೆ. ನಡುಭಾಗದ ಬಟ್ಟೆ ಹೆಚ್ಚಿರುವುದರಿಂದ ಮೇಲೆ ಕೆಳಗೆ ಬಿಗಿಯಾಗಿ ನಡುವೆ ಹೊಟ್ಟೆ ಉಳಿಯುತ್ತದೆ. ಜೋರು ಗಾಳಿಗೆ ಬೇಕಾದ್ದು ಚಪ್ಪಟೆ ಹಾಯಿ, ಸಿಗುವುದು ಅದರ ವಿರುದ್ಧ. ಲಫ್‌ಗೆ ಫೋಮ್ ಹೊಲಿಸಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೂ 150ನ್ನು 120ಕ್ಕಿಂತ ಕೆಳಗೆ ಸುತ್ತಿದರೆ ಆಕಾರ ಉಳಿಯುವುದಿಲ್ಲ. ಶೀಟ್ ಲೀಡ್ (ಶೀಟ್ ಹಾದುಹೋಗುವ ರಾಟೆ) ಕೂಡ ಪ್ರತಿ ಸುತ್ತಿಗೆ ಮುಂದಕ್ಕೆ ಸರಿಸಬೇಕು. ಅದನ್ನು ಮರೆತು ಲೀಚ್ (ಹಾಯಿಯ ಹಿಂದಿನ ಅಂಚು) ಹೊಡೆದುಕೊಂಡು ಹರಿದ ಹಾಯಿಗಳು ರಿಪೇರಿಗೆ ಬರುತ್ತವೆ.

ಜಿಬ್‌ಶೀಟ್:
ರೇಸಿಗೆ ಡ್ರಮ್ (ಫರ್ಲರ್‌ನ ಬುಡದ ಉರುಳೆ) ಬಿಚ್ಚಿ ಫಾಯಿಲ್ ಮಾತ್ರ ಉಳಿಸಿ. ಹೆಚ್ಚಿನ ಫಾಯಿಲ್‌ಗೆ ಎರಡು ಗ್ರೂವ್ ಇರುತ್ತದೆ. ಡ್ರಮ್ ಇಲ್ಲದಿದ್ದರೆ ಟ್ಯಾಕ್ (ಇಲ್ಲಿ ತಿರುಗುವುದಲ್ಲ, ಹಾಯಿಯ ಮುಂದಿನ ಕೆಳಮೂಲೆ) ಡೆಕ್ ಹತ್ತಿರ ಇಳಿಯುತ್ತದೆ, ಲಫ್ ಉದ್ದ ಸಿಗುತ್ತದೆ, ಫುಟ್ ಡೆಕ್‌ಗೆ ಒತ್ತಿಕೊಂಡು ಕೆಳಗಿನಿಂದ ಗಾಳಿ ಸೋರುವುದಿಲ್ಲ.

ಉದ್ಯಾವರ_ತೀರ:
ಡೆಕ್‌ಗೆ ಒತ್ತಿಕೊಂಡರೆ ಲೀವರ್ಡ್ (ಗಾಳಿ ಸಾಗುವ) ಬದಿ ಏನೂ ಕಾಣುವುದಿಲ್ಲ. ಮಧ್ಯಾಹ್ನ ಮಲ್ಪೆಗೂ ಹಳೇ ಬಂದರಿಗೂ ಟ್ರಾಲ್ ಬೋಟುಗಳು ಸಾಲಾಗಿ ಬರುವ ಹೊತ್ತು, ಬಲೆಯ ಬೆಂಡುಗಳೂ ತೇಲುತ್ತಿರುತ್ತವೆ. ಪಾರದರ್ಶಕ ಕಿಟಕಿ ಹಾಕಿಸದೆ ಇಂಥ ಡೆಕ್ ಸ್ವೀಪರ್ (ಡೆಕ್ ಒರಸುವ ಹಾಯಿ) ಹೊಲಿಸುವುದು ಅಪಾಯ.

ಜಿಬ್‌ಶೀಟ್:
ಕಿಟಕಿ ಹಾಕಿಸಲಿ. ಫುಟ್‌ನಿಂದ 30 ಸೆಂ.ಮೀ. ಮೇಲೆ, ಲಫ್‌ನಿಂದ ಒಂದು ಮೀಟರ್ ಹಿಂದೆ. ಸುತ್ತುವ ಹಾಯಿಗೆ ಕಿಟಕಿ ಬೇಗ ಬಿರಿಯುತ್ತದೆ, ಚೀಲದಲ್ಲಿ ಇಡುವ ಹಾಯಿಗೆ ಬಾಳುತ್ತದೆ.

ಪಣಂಬೂರು_ಫ್ರಾಕ್ಷನಲ್:
105 ಯಾಕೆ, 98 ಯಾಕಲ್ಲ? ಆ ಕಾಲದ ಬೋಟುಗಳಲ್ಲಿ ಚೈನ್‌ಪ್ಲೇಟ್ (ಶ್ರೌಡ್ ಕಟ್ಟುವ ಬುಡ) ಡೆಕ್‌ನ ಅಂಚಿನಲ್ಲಿ, ಹಿಂದಿನ ಲೋವರ್ (ಗಿಡ್ಡ) ಶ್ರೌಡ್ ಬೇರೆ. 105% ಹಾಯಿಯ ಲೀಚ್ ಆ ಲೋವರ್‌ಗೆ ಒರಸುತ್ತದೆ. ಒಳಗಿನಿಂದ ಶೀಟ್ ಮಾಡಲಿಕ್ಕೆ ಆಗದೆ ಹೊರಗಿನಿಂದ ಮಾಡಿದರೆ ಕೋನ 18–20 ಡಿಗ್ರಿ ಆಗುತ್ತದೆ, ಗಾಳಿಗೆ ಎದುರಾಗಿ ಹೋಗುವುದು ಬಿಡಿ, ಬದಿಗೆ ಜಾರುತ್ತದೆ. 98%ಕ್ಕೆ ಎಲ್‌ಪಿ 2.84 ಮೀಟರ್, 105%ಕ್ಕೆ 3.05. ವಿಸ್ತೀರ್ಣದಲ್ಲಿ ಒಂದು ಚದರ ಮೀಟರೂ ವ್ಯತ್ಯಾಸ ಇಲ್ಲ. ಶ್ರೌಡ್‌ನ ಒಳಗೆ 9–10 ಡಿಗ್ರಿಗೆ ಎಳೆಯಬಹುದಾದ 98, ಹೊರಗಿನ 105ನ್ನು ಯಾವತ್ತೂ ಹಿಂದೆ ಹಾಕುತ್ತದೆ.

ಮಲ್ಪೆ_ಪಡುಗಾಳಿ:
ಶ್ರೌಡ್ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಗುರುಪುರದವ್ರೆ, ಮಧ್ಯರೇಖೆಯಿಂದ ಶ್ರೌಡ್‌ನ ಬುಡ ಎಷ್ಟು ದೂರ, ಟ್ಯಾಕ್‌ನಿಂದ ಎಷ್ಟು ಹಿಂದೆ, ಅಳೆದು ಹೇಳಿ.

ಗುರುಪುರ_ಹಾಯಿ:
ಅಳೆದೆ. ಅಪ್ಪರ್ (ಉದ್ದದ) ಶ್ರೌಡ್: ಟ್ಯಾಕ್‌ನಿಂದ 2.95 ಮೀಟರ್ ಹಿಂದೆ, ಮಧ್ಯರೇಖೆಯಿಂದ 1.02 ಮೀಟರ್. ಹಿಂದಿನ ಲೋವರ್ ಅದಕ್ಕಿಂತ 40 ಸೆಂ.ಮೀ. ಹಿಂದೆ. ಕ್ಯಾಬಿನ್ ಮೇಲ್ಛಾವಣಿಯ ಅರ್ಧ ಅಗಲ 60 ಸೆಂ.ಮೀ. ಈಗಿರುವ ಜೆನೊವಾ ಟ್ರ್ಯಾಕ್ (ಶೀಟ್ ಲೀಡ್ ಸರಿಯುವ ಪಟ್ಟಿ) ಡೆಕ್ ಅಂಚಿನಲ್ಲಿ, ಕ್ಯಾಬಿನ್ ಮೇಲೆ ಯಾವ ಟ್ರ್ಯಾಕೂ ಇಲ್ಲ.

ಹಂಗಾರಕಟ್ಟೆ_ಕೂವೆ:
ಹಾಗಾದರೆ ಹಾಯಿಗಿಂತ ಮೊದಲು ಟ್ರ್ಯಾಕ್. ಟ್ಯಾಕ್‌ನಿಂದ 3 ಮೀಟರ್ ಹಿಂದೆ 10 ಡಿಗ್ರಿ ಎಂದರೆ ಮಧ್ಯರೇಖೆಯಿಂದ 53 ಸೆಂ.ಮೀ., 9 ಡಿಗ್ರಿ ಎಂದರೆ 47.5. ಎರಡೂ ಕ್ಯಾಬಿನ್ ಮೇಲೆಯೇ ಬರುತ್ತವೆ. ಒಂದು ದಾರ ಟ್ಯಾಕ್‌ಗೆ ಕಟ್ಟಿ, ಮಾಸ್ಟ್‌ನ ನಡುವಿಗೆ ಇನ್ನೊಂದು ದಾರ ಎಳೆದು, 3 ಮೀಟರ್‌ನಲ್ಲಿ ಅಡ್ಡ ಅಳತೆ ಹಾಕಿ ಗುರುತು ಮಾಡಿ. 60 ಸೆಂ.ಮೀ. ಉದ್ದದ ಟ್ರ್ಯಾಕ್ ಸಾಕು.

ಹಳೇ ಬೋಟಿನ ಮೇಲ್ಛಾವಣಿಯಲ್ಲಿ ನಡುವೆ ಬಾಲ್ಸಾ ಅಥವಾ ಪ್ಲೈವುಡ್ ಇರುತ್ತದೆ. ನೇರ ಡ್ರಿಲ್ ಮಾಡಿ ಬೋಲ್ಟ್ ಬಿಗಿದರೆ ಎರಡೇ ಮಳೆಗಾಲದಲ್ಲಿ ನೀರು ಒಳಗೆ ಹೋಗಿ ಕೊಳೆಯುತ್ತದೆ. 6 ಮಿ.ಮೀ. ಬೋಲ್ಟ್‌ಗೆ ಮೊದಲು 10 ಮಿ.ಮೀ. ತೂತು, ಕೆಳಗೆ ಟೇಪ್ ಹಚ್ಚಿ ದಪ್ಪ ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ 6 ಮಿ.ಮೀ. ತೂತು ಹಾಕಿ. ಒಳಗಿನಿಂದ ಅಗಲ ವಾಷರ್ ಸಾಲದು, ಟ್ರ್ಯಾಕ್ ಉದ್ದಕ್ಕೂ ಅಲ್ಯೂಮಿನಿಯಂ ಅಥವಾ ಜಿ10 (ಗಟ್ಟಿ ಫೈಬರ್‌ಗ್ಲಾಸ್) ಪಟ್ಟಿ ಕೊಡಿ. ಮೇಲೆ ಲೆಕ್ಕ ಹಾಕಿದ 115 ಕಿಲೋ ಶೀಟ್‌ನಲ್ಲಿ. ಶೀಟ್ ಲೀಡ್‌ನಲ್ಲಿ ತಿರುಗಿ ಹೋಗುವುದರಿಂದ ಕಾರ್ (ಟ್ರ್ಯಾಕ್ ಮೇಲೆ ಸರಿಯುವ ಲೀಡ್‌ನ ಪೀಠ) ಮೇಲೆ ಅದಕ್ಕಿಂತ ಹೆಚ್ಚು ಬೀಳಬಹುದು.

ಪಣಂಬೂರು_ಫ್ರಾಕ್ಷನಲ್:
ಶ್ರೌಡ್ 2.95ರಲ್ಲಿ, ಲೋವರ್ 3.35ರಲ್ಲಿ. ಎಲ್‌ಪಿ 3.05 ಇರುವ ಹಾಯಿಯ ಕ್ಲೂ ಅಪ್ಪರ್ ದಾಟಿ ಹೋಗುತ್ತದೆ. 98 ಅಂತ ನಾನು ಹೇಳಿದ್ದು ಅದಕ್ಕೇ.

ಮಲ್ಪೆ_ಪಡುಗಾಳಿ:
ಈ ಅಳತೆಗೆ 98 ಸರಿ. ಆದರೆ ಲೀಚ್‌ಗೆ ನೇರ ನಿಲ್ಲುವ ಬ್ಯಾಟನ್ (ಗಟ್ಟಿ ಪಟ್ಟಿ) ಮೂರೋ ನಾಲ್ಕೋ ಹಾಕಿಸಿ, ಲೀಚ್ ಒಳಕ್ಕೆ ಕಡಿಯದೆ ನೇರ ಬಿಡಲಿಕ್ಕೆ ಆಗುತ್ತದೆ. ಅಡ್ಡ ಬ್ಯಾಟನ್ ಬೇಡ, ಸುತ್ತಲಿಕ್ಕೆ ಆಗುವುದಿಲ್ಲ, ಮಡಚಲಿಕ್ಕೂ ಕಷ್ಟ.

ತಣ್ಣೀರುಬಾವಿ_ಗಾಳಿಮರ:
ಒಂದು ಅಡ್ಡ ವಿಷಯ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳಿಗೆ ಎಂಜಿನ್ ಬರುವ ಮೊದಲು ಹಾಯಿಯೇ. ಪತ್ತೇಮಾರಿಗೂ (ಹಳೇ ಸರಕಿನ ಹಾಯಿಹಡಗು) ಓರೆ ಕೂವೆಯ (ಮಾಸ್ಟ್) ದೊಡ್ಡ ಲಟೀನ್ (ತ್ರಿಕೋನ) ಹಾಯಿಯ ಮುಂದೆ ಒಂದು ಜಿಬ್ ಇರುತ್ತಿತ್ತು. ಆ ಹಾಯಿ ಬದಿ ಬದಲಿಸಬೇಕಾದರೆ ಹಾಯಿ ಕಟ್ಟಿದ ಮರವನ್ನೇ ಕೂವೆಯ ಆಚೆಗೆ ಸಾಗಿಸಬೇಕು. ಹಾಗಾಗಿ ಗಾಳಿಯ ಎದುರು ಟ್ಯಾಕ್ ಹೊಡೆಯುವ ಬದಲು ನೆಲಗಾಳಿ, ಕಡಲಗಾಳಿಯ ಹೊತ್ತು ನೋಡಿ ಹೊರಡುತ್ತಿದ್ದರು.

ಬೆಂಗ್ರೆ_ಅಳಿವೆ:
ಆ ಹೊತ್ತು ನೋಡುವುದು ರೇಸಿಗೂ ಬೇಕು. ಅಳಿವೆ ಬಾಗಿಲಲ್ಲಿ ಇಳಿತದ ನೀರು ಹೊರಗೆ ಹರಿಯುವಾಗ ಎದುರಿಂದ ಕಡಲಗಾಳಿ ಬೀಸಿದರೆ ಗಿಡ್ಡ, ಕಡಿದಾದ ತೆರೆ ಏಳುತ್ತದೆ. 12 ನಾಟ್ ಗಾಳಿಗೆ 98 ಹಾಕಿಕೊಂಡು ಅಲ್ಲಿಗೆ ಹೋದರೆ ಪ್ರತಿ ತೆರೆಗೂ ಬೋಟು ನಿಲ್ಲುತ್ತದೆ. ನೀರು ಸಮತಟ್ಟಾಗಿದ್ದರೆ ಚಿಕ್ಕ ಹಾಯಿಗೆ ಬೇಗ ಇಳಿಯಬಹುದು, ತೆರೆ ಇದ್ದರೆ ದೊಡ್ಡದನ್ನು ಇನ್ನೂ 2 ನಾಟ್ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. ಈ ಕಾರಣಕ್ಕೇ ನಡುವಿನ 135 ಬೇಕು ಅನ್ನುವುದು. 150ರಿಂದ ನೇರ 98ಕ್ಕೆ ಹಾರಿದರೆ ನಡುವೆ 7 ಚದರ ಮೀಟರ್ ಹೊಂಡ.

ಹಂಗಾರಕಟ್ಟೆ_ಕೂವೆ:
ಹೊಂಡ ಇರುವುದು ನಿಜ. ಅದನ್ನು ಬಟ್ಟೆಯಿಂದಲ್ಲ, ಟ್ರಿಮ್‌ನಿಂದ ತುಂಬಬೇಕು. 150ನ್ನು 12ರಿಂದ 15ರವರೆಗೆ ಎಳೆಯುವ ಕ್ರಮ ಇದು: ಮೊದಲು ಬ್ಯಾಕ್‌ಸ್ಟೇ. ಮಾಸ್ಟ್‌ಹೆಡ್‌ನಲ್ಲಿ ಅದು ನೇರ ಫೋರ್‌ಸ್ಟೇಯನ್ನೇ ಬಿಗಿಯುತ್ತದೆ. ಫೋರ್‌ಸ್ಟೇ ನಡುವೆ ಜೋತುಬೀಳುವುದು ತೆಳು ಗಾಳಿಯಲ್ಲಿ 8–10 ಸೆಂ.ಮೀ. ಇರಲಿ, ಜೋರಿನಲ್ಲಿ ಅರ್ಧಕ್ಕಿಂತ ಕಡಿಮೆಗೆ ತನ್ನಿ. ಜೋತುಬಿದ್ದಷ್ಟೂ ಹಾಯಿ ಹೊಟ್ಟೆ ತುಂಬುತ್ತದೆ. ಆಮೇಲೆ ಹ್ಯಾಲಿಯಾರ್ಡ್ (ಹಾಯಿ ಏರಿಸುವ ಹಗ್ಗ), ಹೊಟ್ಟೆ ಲಫ್‌ನಿಂದ 35–40% ಹಿಂದೆ ಬಂದು ನಿಲ್ಲುವವರೆಗೆ. ಆಮೇಲೆ ಕಾರ್ ಎರಡು ತೂತು ಹಿಂದಕ್ಕೆ, ಮೇಲಿನ ಭಾಗ ತೆರೆದು ಗಾಳಿ ಬಿಡಲಿ. ಕೊನೆಗೆ ಮೇನ್‌ನ ಟ್ರಾವಲರ್ (ಮೇನ್ ಶೀಟ್ ಅಡ್ಡ ಸರಿಯುವ ಪಟ್ಟಿ) ಕೆಳಗೆ.

ಟಿಲ್ಲರ್ ನೋಡಿ. 4–5 ಡಿಗ್ರಿ ವೆದರ್ ಹೆಲ್ಮ್ (ಬೋಟು ತಾನಾಗಿ ಗಾಳಿಯ ಕಡೆ ತಿರುಗುವುದನ್ನು ತಡೆಯುವ ಕೋನ) ಒಳ್ಳೆಯದು. 10 ದಾಟಿದರೆ ರಡ್ಡರ್ ಬ್ರೇಕ್ ಆಗಿರುತ್ತದೆ. ವಾಲಿಕೆ 25 ಡಿಗ್ರಿ ದಾಟಿದರೂ ಹಾಗೇ. ಆ ಎರಡು ಒಟ್ಟಿಗೆ ಬಂದಾಗ ಹಾಯಿ ಬದಲಿಸಿ, ಅನಿಮೋಮೀಟರ್ ಏನೇ ಹೇಳಲಿ.

ಜಿಬ್‌ಶೀಟ್:
ಬ್ಯಾಕ್‌ಸ್ಟೇ ಎಳೆಯುವ ಮೊದಲು ಒಳಗೆ ಹೋಗಿ ಬಲ್ಕ್‌ಹೆಡ್‌ನ (ಅಡ್ಡಗೋಡೆ) ಬಾಗಿಲು ಮುಚ್ಚಿ ನೋಡಿ. ಮಾಸ್ಟ್ ಡೆಕ್ ಮೇಲೆ ನಿಂತಿದ್ದರೆ ಕೆಳಗಿನ ಆಧಾರದ ಕಂಬದ ಬುಡ ಕೊಳೆತಿರಬಹುದು. ಬ್ಯಾಕ್‌ಸ್ಟೇ ಬಿಗಿದಾಗ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡರೆ ಡೆಕ್ ಕುಸಿಯುತ್ತಿದೆ ಅಂತ ಅರ್ಥ. ಹೊಸ ಹಾಯಿಯ ದುಡ್ಡು ಅಲ್ಲಿಗೆ ಹೋಗಬೇಕು.

ಉದ್ಯಾವರ_ತೀರ:
ಕಾರ್ ಹಿಂದೆ ಮುಂದೆ ಅನ್ನುವುದು ಯಾವಾಗಲೂ ಗೊಂದಲ. ಟೆಲ್‌ಟೇಲ್ (ಹಾಯಿಗೆ ಅಂಟಿಸಿದ ದಾರ) ನೋಡಿ ಹೇಳುವುದು ಹೇಗೆ?

ಪಣಂಬೂರು_ಫ್ರಾಕ್ಷನಲ್:
ನಿಧಾನ ಗಾಳಿಯ ಕಡೆಗೆ ತಿರುಗಿಸಿ. ಒಳಬದಿಯ (ಗಾಳಿ ಬರುವ ಬದಿಯ) ಮೇಲಿನ ಟೆಲ್‌ಟೇಲ್ ಮೊದಲು ಹಾರಿದರೆ ಕಾರ್ ಮುಂದಕ್ಕೆ. ಕೆಳಗಿನದು ಮೊದಲು ಹಾರಿದರೆ ಹಿಂದಕ್ಕೆ. ಮೂರೂ ಒಟ್ಟಿಗೆ ಹಾರಿದ ಜಾಗಕ್ಕೆ ಟ್ರ್ಯಾಕ್ ಮೇಲೆ ಸಂಖ್ಯೆ ಬರೆದಿಡಿ, ಹಾಯಿಗೊಂದು ಸಂಖ್ಯೆ.

ಗುರುಪುರ_ಹಾಯಿ:
ಬಟ್ಟೆ ಯಾವುದು? ಲ್ಯಾಮಿನೇಟ್ ಹಗುರ, ಹಿಗ್ಗುವುದಿಲ್ಲ ಅಂತಾರೆ.

ಸೂಜಿದಾರ:
ನಮ್ಮ ಸೆಕೆಗೆ, ತೇವಕ್ಕೆ ಲ್ಯಾಮಿನೇಟ್ ಬೇಡ. ಪದರಗಳ ನಡುವೆ ತೇವ ಸೇರಿ ಬೂಸಲು ಕಪ್ಪು ಚುಕ್ಕೆಯಾಗಿ ಕೂರುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ. ಕಾಲಕ್ರಮೇಣ ಅಂಟು ಬಿಟ್ಟು ಪದರ ಬೇರೆಯಾಗುತ್ತದೆ. ಗಟ್ಟಿ ನೇಯ್ಗೆಯ ಡ್ಯಾಕ್ರಾನ್ (ಪಾಲಿಯೆಸ್ಟರ್ ಬಟ್ಟೆ) ತೆಗೆದುಕೊಳ್ಳಿ. 150ಕ್ಕೆ 5 ಔನ್ಸ್, ಅಂದರೆ ಸುಮಾರು 214 ಗ್ರಾಂ ಚದರ ಮೀಟರಿಗೆ. 98ಕ್ಕೆ 6ರಿಂದ 6.5 ಔನ್ಸ್. 150ನ್ನು 4 ಔನ್ಸ್‌ನಲ್ಲಿ ಮಾಡಿಸಿದರೆ 6 ನಾಟ್‌ನಲ್ಲಿ ಚೆಂದ ನಿಲ್ಲುತ್ತದೆ, ಆದರೆ 14ರವರೆಗೆ ಎಳೆಯುವ ಯೋಚನೆ ಇದ್ದರೆ ಒಂದೇ ಸೀಸನ್‌ನಲ್ಲಿ ಹಿಗ್ಗುತ್ತದೆ. ಎರಡೇ ಹಾಯಿ ಇರುವವರಿಗೆ 5 ಸರಿ.

ಸ್ಪ್ರೆಡರ್ (ಮಾಸ್ಟ್‌ನ ಅಡ್ಡ ಕೋಲು) ತಾಗುವ ಜಾಗಕ್ಕೆ ಪ್ಯಾಚ್ ಹಾಯಿ ಬಂದ ಮೇಲೆ ಹಚ್ಚಿ, ಊಹಿಸಿ ಹೊಲಿಸಬೇಡಿ. ಮೊದಲ ದಿನ ಜೆನೊವಾ ಎಳೆದು ಸ್ಪ್ರೆಡರ್ ತುದಿಯ ಎದುರು ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಅಂಟಿಸುವ ಡ್ಯಾಕ್ರಾನ್ ಎರಡೂ ಬದಿ. ಪೂರ್ತಿ ಟ್ರಿಮ್ ಆದಾಗ ಸ್ಪ್ರೆಡರ್‌ಗೂ ಹಾಯಿಗೂ 5–8 ಸೆಂ.ಮೀ. ಇರಬೇಕು.

ಬೆಂಗ್ರೆ_ಅಳಿವೆ:
ಮಳೆಗಾಲಕ್ಕೆ ಮೊದಲು ಎರಡೂ ಹಾಯಿ ಇಳಿಸಿ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಇಡಿ. ಉಪ್ಪು ಉಳಿದರೆ ಅದೇ ತೇವ ಎಳೆಯುತ್ತದೆ. ಜೂನ್‌ನಿಂದ ಫರ್ಲರ್ ಮೇಲೆ ಸುತ್ತಿ ಬಿಟ್ಟ ಹಾಯಿ ಅಕ್ಟೋಬರ್‌ಗೆ ಹಸಿರು ಬಂದಿರುತ್ತದೆ.

135ರ ವಾದ ನಾನು ಬಿಟ್ಟಿಲ್ಲ. ಇಬ್ಬರೇ ಶೀಟ್ ಎಳೆಯುವವರು ಇದ್ದಾಗ 150 ಹೊಳೆಯಲ್ಲಿ ಭಾರವೇ.

ಮಲ್ಪೆ_ಪಡುಗಾಳಿ:
ಹೊಳೆಯ ರೇಸಿಗೆ 98 ಹಾಕಲಿ ಬೆಂಗ್ರೆಯವ್ರೆ. ನೀರು ಸಮತಟ್ಟು, ಟ್ಯಾಕ್ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ, ಎತ್ತರ ಪೂರ್ತಿ ಉಂಟು. ಕಡಲಿಗೆ 150. ನೀವು ಕೊಟ್ಟ ಕಾರಣವೇ 150 ಮತ್ತು 98ಕ್ಕೆ ಸಾಕ್ಷಿ.

ಬೆಂಗ್ರೆ_ಅಳಿವೆ:
ಆದರೆ ರೇಟಿಂಗ್ ದೊಡ್ಡ ಹಾಯಿಗೇ ಬರುತ್ತದೆ. ಸಾಮಾನ್ಯವಾಗಿ ಬೋಟಿನ ಹೆಸರಲ್ಲಿ ಘೋಷಿಸಿದ ದೊಡ್ಡ ಹೆಡ್‌ಸೇಲ್ ಯಾವುದೋ ಅದರ ಲೆಕ್ಕವೇ ಇಡೀ ಸೀಸನ್‌ಗೆ. ಹೊಳೆಯಲ್ಲಿ 98 ಹಾಕಿದ ದಿನವೂ 150ರ ರೇಟಿಂಗ್‌ನಲ್ಲೇ ಓಡಬೇಕು. ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಹಂಗಾರಕಟ್ಟೆ_ಕೂವೆ:
ನಾಲ್ಕೈದು ಬೋಟಿನ ರೇಸ್ ಅಂದರೆ ನಿಯಮ ನೀವೇ ಬರೆಯುವವರು. ಹೊಳೆಯ ಸರಣಿ ಬೇರೆ, ಕಡಲಿನ ಸರಣಿ ಬೇರೆ ಮಾಡಿ, ಸರಣಿಗೊಂದು ಘೋಷಣೆ ಇಡಿ. ಸೀಸನ್ ಶುರುವಾಗುವ ಮೊದಲೇ ರೇಸ್ ನೋಟಿಸ್‌ನಲ್ಲಿ ಬರೆಯಿರಿ, ನಡುವೆ ಬದಲಿಸಿದರೆ ಜಗಳ. ಗಾಳಿಯ ಜೊತೆ ಓಡುವಾಗ ಜಿಬ್ ಹಿಡಿಯುವ ವಿಸ್ಕರ್ ಪೋಲ್ ಉದ್ದವೂ ಅದರಲ್ಲೇ ಇರಲಿ. ಜೆಗಿಂತ ಉದ್ದ ಇದ್ದರೆ ದಂಡ ಹಾಕುವ ರೂಢಿ ಕೆಲವು ಕಡೆ ಉಂಟು.

ಗುರುಪುರ_ಹಾಯಿ:
ಸರಣಿ ಬೇರೆ ಮಾಡುವುದು ಉಳಿದವರಿಗೂ ಒಪ್ಪಿಗೆ ಆಗಬಹುದು, ಕೇಳುತ್ತೇನೆ. 150 ಮತ್ತು 98, 5 ಮತ್ತು 6.5 ಔನ್ಸ್ ಡ್ಯಾಕ್ರಾನ್, ಕ್ಯಾಬಿನ್ ಮೇಲೆ ಟ್ರ್ಯಾಕ್. ಆರ್ಡರ್ ಮಾಡುವಾಗ ಏನೇನು ಅಳತೆ ಕೊಡಬೇಕು ಸೂಜಿದಾರರೇ?

ಸೂಜಿದಾರ:
ಜೆನೊವಾ ಹ್ಯಾಲಿಯಾರ್ಡ್‌ಗೆ ಸ್ಟೀಲ್ ಟೇಪ್ ಕಟ್ಟಿ, ಕೆಳಗಿನಿಂದ ಇನ್ನೊಂದು ಹಗ್ಗವೂ ಕಟ್ಟಿ ಮೇಲೆ ಎಳೆಯಿರಿ. ಆ ಹಗ್ಗ ಇಲ್ಲದಿದ್ದರೆ ಟೇಪ್ ಮೇಲೆ ಸಿಕ್ಕಿಕೊಂಡಾಗ ಇಳಿಸಲಿಕ್ಕೆ ಮಾಸ್ಟ್ ಹತ್ತಬೇಕು. ಬ್ಯಾಕ್‌ಸ್ಟೇ ಬಿಗಿದು ಹ್ಯಾಲಿಯಾರ್ಡ್ ಶ್ಯಾಕಲ್‌ನಿಂದ ಟ್ಯಾಕ್ ಪಿನ್‌ವರೆಗೆ ಅಳೆಯಿರಿ. ಡ್ರಮ್ ಇಟ್ಟುಕೊಂಡು ಒಂದು, ಬಿಚ್ಚಿ ಒಂದು, ಎರಡೂ ಬರೆದು ಕೊಡಿ. ಆ ಉದ್ದದಲ್ಲಿ ಕನಿಷ್ಠ 15 ಸೆಂ.ಮೀ. ಬಿಡಿ, ಹೊಸ ಲಫ್ ಹ್ಯಾಲಿಯಾರ್ಡ್‌ಗೆ ಹಿಗ್ಗಬೇಕು. ಬಿಡದಿದ್ದರೆ ಹಾಯಿ ಪೂರ್ತಿ ಮೇಲೇರಿದ ಮೇಲೂ ಲಫ್‌ನಲ್ಲಿ ಅಡ್ಡ ಸುಕ್ಕು ಹೋಗುವುದಿಲ್ಲ, ಬಿಗಿಯಲಿಕ್ಕೆ ಜಾಗವೇ ಇರುವುದಿಲ್ಲ. ಫರ್ಲರ್ ಬಳಸುವಾಗ ಮೇಲೆ ಹ್ಯಾಲಿಯಾರ್ಡ್‌ಗೂ ಫಾಯಿಲ್‌ಗೂ 10 ಡಿಗ್ರಿ ಹತ್ತಿರ ಕೋನ ಇರಬೇಕು, ಇಲ್ಲದಿದ್ದರೆ ಸುತ್ತುವಾಗ ಹ್ಯಾಲಿಯಾರ್ಡ್ ಫಾಯಿಲ್‌ಗೇ ಸುತ್ತಿಕೊಳ್ಳುತ್ತದೆ.

ಜೊತೆಗೆ ಜೆ, ಶ್ರೌಡ್‌ಗಳ ಎರಡು ಅಳತೆ, ಸ್ಪ್ರೆಡರ್ ಎತ್ತರ ಮತ್ತು ಉದ್ದ, ಟ್ರ್ಯಾಕ್‌ಗಳ ಮುಂದಿನ–ಹಿಂದಿನ ತುದಿ ಟ್ಯಾಕ್‌ನಿಂದ ಎಷ್ಟು, ಪಲ್ಪಿಟ್ ಮತ್ತು ಲೈಫ್‌ಲೈನ್ ಎತ್ತರ. ಫೋಟೋ ಮೂರು: ಬದಿಯಿಂದ ಇಡೀ ರಿಗ್, ಮಾಸ್ಟ್ ತುದಿ, ಟ್ಯಾಕ್ ಫಿಟ್ಟಿಂಗ್.

ಜಿಬ್‌ಶೀಟ್:
ಲಫ್ ಟೇಪ್ 5 ನಂಬರೋ 6 ನಂಬರೋ ಅದನ್ನೂ ಬರೆಯಿರಿ. ಹಳೇ ಜೆನೊವಾದ ಟೇಪಿನಿಂದ 10 ಸೆಂ.ಮೀ. ತುಂಡು ಕತ್ತರಿಸಿ ಲಕೋಟೆಯಲ್ಲಿ ಹಾಕಿ ಕಳಿಸಿದರೆ ಇನ್ನೂ ಒಳ್ಳೆಯದು. ಒಂದು ನಂಬರ್ ದಪ್ಪ ಬಂದರೆ ಫಾಯಿಲ್‌ನಲ್ಲಿ ಅರ್ಧದಲ್ಲೇ ಕಚ್ಚಿ ನಿಲ್ಲುತ್ತದೆ, ಸಪೂರ ಬಂದರೆ ಜೋರು ಗಾಳಿಯಲ್ಲಿ ಗ್ರೂವ್‌ನಿಂದ ಕಿತ್ತು ಬರುತ್ತದೆ.

ಉದ್ಯಾವರ_ತೀರ:
ಹಳೇ 150ನ್ನು ಎಸೆಯಬೇಡಿ. ನವೆಂಬರ್‌ನ ಅಭ್ಯಾಸಕ್ಕೆಲ್ಲ ಅದನ್ನೇ ಹಾಕಿ, ಹೊಸದು ರೇಸಿನ ದಿನಕ್ಕೆ ಮಾತ್ರ.